ದೋಟಿಯ ತುದಿ

ಕ್ಯಾಮೆರಾ ಮನೆಗೆ ಬಂದ ದಿನ ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟಾತು?"

ಹೇಳಿದೆ. ಜಗಲಿಯಲ್ಲಿ ಕವಳ ಹಾಕುತ್ತಿದ್ದವರು ಸುಣ್ಣದ ಡಬ್ಬಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತರು. ಆಮೇಲೆ, "ಒಂದೂವರೆ ಕ್ವಿಂಟಲ್ ಕೆಂಪಡಿಕೆ" ಅಂದರು. ಟಿವಿ, ಬೈಕು, ಅಕ್ಕನ ಮದುವೆಯ ದಿಬ್ಬಣದ ಬಸ್ಸು, ಯಾವುದರ ಲೆಕ್ಕವಾದರೂ ನಮ್ಮ ಮನೆಯಲ್ಲಿ ಕೊನೆಗೆ ಅಡಿಕೆಗೇ ಬಂದು ನಿಲ್ಲುತ್ತದೆ.

ನಾನು ತಗೊಂಡಿದ್ದು ನಿಕಾನ್ ಪಿ950. 83 ಪಟ್ಟು ಝೂಮ್, 24 ಎಂಎಂನಿಂದ 2000 ಎಂಎಂವರೆಗೆ. ತೂಕ ಹೆಚ್ಚುಕಮ್ಮಿ ಒಂದು ಕೆ.ಜಿ. ಇದರ ಅಣ್ಣ ಪಿ900 2015ರಲ್ಲಿ ಬಂದಾಗಿನಿಂದ ನನಗೆ ಈ ಹುಚ್ಚು. ಯಾರೋ ಮನೆ ಮಾಳಿಗೆ ಮೇಲೆ ನಿಂತು ಚಂದ್ರನ ಕುಳಿಗಳನ್ನು ಎಣಿಸುವ ಹಾಗೆ ಹತ್ತಿರ ತರುವ ವಿಡಿಯೋಗಳನ್ನು ಊಟ ಬಿಟ್ಟು ನೋಡಿದ್ದೇನೆ. 2018ರಲ್ಲಿ ಬಂದ ಪಿ1000ಕ್ಕೆ 125 ಪಟ್ಟು ಝೂಮ್, 3000 ಎಂಎಂ. ಅದರ ಮೇಲೂ ಕಣ್ಣಿತ್ತು. ಆದರೆ ಅದು ಒಂದು ಕೆ.ಜಿ. ನಾನೂರು ಗ್ರಾಂ ತೂಗುತ್ತದೆ. ಬೆಟ್ಟ ಹತ್ತುವವನ ಹೆಗಲು ತನ್ನ ಅಭಿಪ್ರಾಯ ಹೇಳಿತು, ಪಿ950 ಸಾಕು ಅಂದುಕೊಂಡೆ.

ಮೊದಲ ರಾತ್ರಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಅಂಗಳದಲ್ಲಿ ಸ್ಟೂಲ್ ಇಟ್ಟು, ಅದರ ಮೇಲೆ ಎರಡು ದಿಂಬು ಇಟ್ಟು, ಚಂದ್ರನ ಫೋಟೋ ತೆಗೆದೆ. ಚಂದ್ರನಿಗೆ ಅಂತಲೇ ಒಂದು ಮೋಡ್ ಇದೆ. ಎಷ್ಟು ಚೆನ್ನಾಗಿ ಬಂತು ಅಂದರೆ, ನಾನೊಬ್ಬ ಫೋಟೋಗ್ರಾಫರ್ ಅಂತ ನನಗೇ ನಂಬಿಕೆ ಬಂತು. ಮೋಸ ಆಗಿದ್ದೇ ಅಲ್ಲಿ. ಚಂದ್ರನಿಗೆ ಬೇಕಾದಷ್ಟು ಬೆಳಕಿದೆ. ಅವನು ಎಲೆ ಹಿಂದೆ ಅಡಗುವುದಿಲ್ಲ, ಮನುಷ್ಯರನ್ನು ಕಂಡು ಹಾರುವುದೂ ಇಲ್ಲ.

ಮರುದಿನದಿಂದ ಹಕ್ಕಿಗಳು. ನಮ್ಮದು ಶಿರಸಿಯ ಹತ್ತಿರದ ಹಳ್ಳಿ. ಮನೆ ಮುಂದೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಹಕ್ಕಿಗೇನು ಬರ ಇಲ್ಲ. ಬೆಳಗಾದರೆ ಕುಟ್ರು ಹಕ್ಕಿ ಕೂಗಲು ಶುರು ಮಾಡುತ್ತದೆ, ಭೀಮರಾಜ ಬಾಲದ ಎರಡು ಎಳೆ ಜೋತಾಡಿಸಿಕೊಂಡು ಕೊಟ್ಟಿಗೆ ಪಕ್ಕದಲ್ಲೇ ಹಾರುತ್ತದೆ. ನಾಲ್ಕು ದಿನದಲ್ಲಿ ಆರು ನೂರಕ್ಕೂ ಜಾಸ್ತಿ ಫೋಟೋ ಹೊಡೆದೆ. ಹೆಚ್ಚಿನವು ಖಾಲಿ ಕೊಂಬೆಯವು. ಒಂದಷ್ಟರಲ್ಲಿ ಚೌಕಟ್ಟಿನ ತುದಿಯಲ್ಲಿ ಬಾಲ. ಉಳಿದವುಗಳಲ್ಲಿ ಮುಂದಿನ ಎಲೆಯ ನರ ನರವೂ ಸ್ಪಷ್ಟ, ಹಿಂದೆ ಹಕ್ಕಿಯ ಜಾಗದಲ್ಲಿ ಒಂದು ಹಸಿರು ಮುದ್ದೆ.

ಸಮಸ್ಯೆ ಏನು ಅಂತ ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಪೂರ್ತಿ ಝೂಮ್ ಮಾಡಿದಾಗ ನೂರು ಮೀಟರ್ ದೂರದಲ್ಲಿ ಕಾಣುವ ಅಗಲ ಸುಮಾರು 1.8 ಮೀಟರ್. ಅಂದರೆ ಒಂದು ಬಾಗಿಲನ್ನು ಅಡ್ಡ ಮಲಗಿಸಿದಷ್ಟು. ಮೂವತ್ತು ಮೀಟರ್ ದೂರದ ಮರದಲ್ಲಾದರೆ ಅರ್ಧ ಮೀಟರ್ ಚಿಲ್ಲರೆ. ಒಲೆಯ ಊದುಗೊಳವೆಯನ್ನು ಕಣ್ಣಿಗಿಟ್ಟುಕೊಂಡು ಇಡೀ ಹಲಸಿನ ಮರದಲ್ಲಿ ಒಂದು ಹಕ್ಕಿ ಹುಡುಕಿ ನೋಡಿ, ಗೊತ್ತಾಗುತ್ತದೆ.

ನಡುವೆ ಒಂದು ದಿನ ಕಾರವಾರದ ಅಕ್ಕನ ಮನೆಗೆ ಹೋಗಿದ್ದೆ. ಕ್ಯಾಮೆರಾವೂ ಜೊತೆಗಿತ್ತು. ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ದೋಣಿಗಳ ಕಂಬದ ಮೇಲೆ ಗರುಡಗಳು ಕೂತಿರುತ್ತವೆ. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಎಲೆ ಇಲ್ಲ, ಕೊಂಬೆ ಇಲ್ಲ, ಬೆಳಕು ಬೇಕಾದಷ್ಟು. ಇನ್ನೇನು ಬೇಕು ಅಂದುಕೊಂಡು ಬೆಳಿಗ್ಗೆ ಹನ್ನೊಂದೂವರೆಗೆ ಹೋಗಿ ದೂರದ ದೋಣಿಗಳನ್ನು ಹೊಡೆದದ್ದೇ ಹೊಡೆದದ್ದು. ಮನೆಗೆ ಬಂದು ನೋಡಿದರೆ ಒಂದೊಂದು ಗರುಡವೂ ಕುದಿಯುವ ನೀರಿನ ಆಚೆ ಕೂತ ಹಾಗಿತ್ತು. ಕೈ ಅಲ್ಲಾಡಿದ್ದಲ್ಲ, ಫೋಕಸ್ ತಪ್ಪಿದ್ದೂ ಅಲ್ಲ. ಬಿಸಿಲು ಏರಿದ ಮೇಲೆ ಕಾದ ಗಾಳಿ ಕದಡುತ್ತಿರುತ್ತದೆ. ಬರಿಗಣ್ಣಿಗೆ ಗೊತ್ತಾಗದ ಆ ಕದಡಾಟವನ್ನು ಇಷ್ಟು ದೊಡ್ಡ ಝೂಮ್ ಹಕ್ಕಿಯ ಜೊತೆಗೇ ದೊಡ್ಡದು ಮಾಡಿ ಕೊಡುತ್ತದೆ. ಮರುದಿನ ಏಳು ಗಂಟೆಗೆ ಅದೇ ಜಾಗದಲ್ಲಿ ನಿಂತಾಗ ಗರುಡದ ಕೊಕ್ಕಿನ ಬಾಗು ಕೂಡ ಸರಿಯಾಗಿ ಬಂತು. ಝೂಮ್ ಎಷ್ಟೇ ಇರಲಿ, ನಡುವಿನ ಗಾಳಿಯನ್ನು ದಾಟಲೇಬೇಕು ಅಲ್ವಾ.

ಇನ್ನೊಂದು ವಿಷಯ. ಈ 2000 ಎಂಎಂ ಅನ್ನುವುದು ದೊಡ್ಡ ಕ್ಯಾಮೆರಾಗಳ ಅಳತೆಗೆ ಹೋಲಿಸಿ ಹೇಳುವ ಲೆಕ್ಕ. ನಿಜವಾದ ಲೆನ್ಸು 357 ಎಂಎಂ ಮಾತ್ರ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ತುಂಬಾ ಸಣ್ಣದಾದ್ದರಿಂದ ಈ ಜಾದೂ. ಅದರ ಅಗಲ ಆರು ಮಿಲಿಮೀಟರ್ ಚಿಲ್ಲರೆ, ಅಡಿಕೆಯ ಒಂದು ಹೋಳಿಗಿಂತ ಚಿಕ್ಕದು. ಫುಲ್ ಫ್ರೇಮ್ ಅನ್ನುವ ಆ ದೊಡ್ಡ ಕ್ಯಾಮೆರಾಗಳ ಸೆನ್ಸರ್ ವಿಸ್ತೀರ್ಣದಲ್ಲಿ ಇದರ ಮೂವತ್ತು ಪಟ್ಟು. ಸಣ್ಣ ಸೆನ್ಸರ್‌ಗೆ ಬೆಳಕು ಕಡಿಮೆಯಾದರೆ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, ಏರುತ್ತದೆ, ಐಎಸ್‌ಒ ಏರಿದರೆ ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ನಮ್ಮ ಅಡಿಕೆ ತೋಟದೊಳಗೆ ಹನ್ನೊಂದು ಗಂಟೆಗೂ ಸಂಜೆಯ ಬೆಳಕೇ. ಹತ್ತು ಲಕ್ಷ ದಾಟುವ ಲೆನ್ಸುಗಳನ್ನು ಹೊತ್ತವರು ಇಂಥ ಕ್ಯಾಮೆರಾ ನೋಡಿ ಮೂಗು ಮುರಿಯುವುದು ಇದಕ್ಕೇ. ಅವರು ಹೇಳುವುದು ಸುಳ್ಳಲ್ಲ. ಆದರೆ ಹತ್ತು ಲಕ್ಷ ಎಷ್ಟು ಕ್ವಿಂಟಲ್ ಆಗುತ್ತದೆ ಅಂತ ಅಪ್ಪಯ್ಯನ ಹತ್ತಿರ ಕೇಳುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂದಿದ್ದು ನಮ್ಮನೆ ಕೊನೆಕೊಯ್ಲಿನ ದಿನ. ಕೊನೆ ಅಂದರೆ ಅಡಿಕೆಯ ಗೊನೆ.

ಕೊನೆ ಕೊಯ್ಯಲು ನಮ್ಮನೆಗೆ ಬರುವ ಕೊನೆಗೌಡ ನನಗಿಂತ ಹತ್ತು ವರ್ಷ ದೊಡ್ಡವ. ಕಾಲಿಗೆ ಬಳ್ಳಿ ಹಾಕಿ ಒಂದು ಮರ ಹತ್ತಿದರೆ, ಅಲ್ಲಿಂದಲೇ ಸುತ್ತಲಿನ ಮರಗಳ ಕೊನೆಯನ್ನು ದೋಟಿಯಲ್ಲಿ ಕೊಯ್ಯುತ್ತಾನೆ. ಉದ್ದ ಬಿದಿರಿನ ಗಳ, ತುದಿಯಲ್ಲಿ ಬಾಗಿದ ಕತ್ತಿ. ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತದೆ. ಅವತ್ತು ಬೆಳಿಗ್ಗೆಯಿಂದಲೂ ಅವನಿಗೆ ಸಣ್ಣ ಸಿಟ್ಟು. ಒಂದೇ ಎಳೆತಕ್ಕೆ ಬೀಳಬೇಕಾದ ಕೊನೆಗೆ ಎರಡೆರಡು ಸಲ ಎಳೆಯಬೇಕಾಗುತ್ತಿತ್ತು. "ಈ ವರ್ಷ ಕೊನೆ ತೊಟ್ಟು ಗಟ್ಟಿ" ಅಂತ ಮೇಲಿನಿಂದಲೇ ಗೊಣಗುತ್ತಿದ್ದ.

ನಾನು ಕೆಳಗೆ ಉದುರಡಿಕೆ ಹೆಕ್ಕಬೇಕಾದವನು. ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿತ್ತು.

"ಹೆಗಡೇರೆ, ಎಂತದ್ರಾ ಅದು? ಮಂಗ ಹೊಡೆಯೋ ಕೋವಿನಾ?"

"ಕ್ಯಾಮೆರಾ ಮಾರಾಯ. ಹಕ್ಕಿ ಫೋಟೋ ತೆಗೆಯೋದು."

"ಅದಕ್ಕೆ ಇಷ್ಟುದ್ದ ಮೂತಿ ಎಂತಕ್ಕೆ?"

ಅಷ್ಟರಲ್ಲಿ ಬೆಟ್ಟದ ಅಂಚಿನ ಬಸರಿ ಮರದ ಕಡೆಯಿಂದ ನಗು ಕೇಳಿತು. ಯಾರೋ ಕುಡಿದವರು ತಡೆ ತಡೆದು ನಕ್ಕ ಹಾಗೆ. ಮಂಗಟ್ಟೆ, ಅಂದರೆ ಹಾರ್ನ್‌ಬಿಲ್. ಇದು ಬೂದು ಬಣ್ಣದ್ದು, ನಮ್ಮ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ದಾಂಡೇಲಿಯಲ್ಲಿ ಜನ ದುಡ್ಡು ಕೊಟ್ಟು ನೋಡಲು ಹೋಗುವ ದೊಡ್ಡ ದಾಸಮಂಗಟ್ಟೆಯ ಹಾಗೆ ಇದರ ಕೊಕ್ಕಿನ ಮೇಲೆ ಟೊಪ್ಪಿಗೆ ಇಲ್ಲ. ಬಸರಿ ಹಣ್ಣಾಗಿತ್ತು, ಅದಕ್ಕೇ ಬಂದಿತ್ತು. ನಾನು ಕ್ಯಾಮೆರಾ ಎತ್ತಿ ಪೂರ್ತಿ ಝೂಮ್ ಮಾಡಿ ಹುಡುಕಲು ಶುರು ಮಾಡಿದೆ. ಎಲೆ. ಎಲೆ. ಆಕಾಶ. ಮತ್ತೆ ಎಲೆ.

ಮೇಲಿನಿಂದ ಗೌಡ ನಗುತ್ತಿದ್ದ. ಅವನು ನಲವತ್ತು ಅಡಿ ಎತ್ತರದಲ್ಲಿದ್ದ. ಹಕ್ಕಿಯೂ ಹೆಚ್ಚುಕಮ್ಮಿ ಅವನ ಸಮಕ್ಕೇ ಇತ್ತು.

"ಅಲ್ರಾ, ನೀವು ಡಬ್ಬಿ ಒಳಗೆ ಹಕ್ಕಿ ಹುಡುಕ್ತೀರಿ. ಮೊದ್ಲು ಕಣ್ಣಲ್ಲಿ ಹಿಡೀರಿ. ನಾನು ದೋಟಿ ತುದಿ ನೋಡ್ಕಂಡು ದೋಟಿ ಎತ್ತಿದ್ರೆ ಕೊನೆ ಸಿಗ್ತದಾ? ಕಣ್ಣು ಕೊನೆ ಮೇಲೇ ಇರಬೇಕು, ದೋಟಿ ತಾನೇ ಅಲ್ಲಿಗೆ ಹೋಗ್ತದೆ."

ಹೇಳಿ ದೋಟಿಯಲ್ಲೇ ತೋರಿಸಿದ. ಬಸರಿ ಮರದ ಎರಡನೇ ಕವಲು, ಅಲ್ಲಿಂದ ಎಡಕ್ಕೆ, ಒಣಗಿದ ಗೆಲ್ಲಿನ ಮೇಲೆ. ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದೆ. ಒಣ ಗೆಲ್ಲು ಕಂಡಿತು. ಬೂದು ಬಣ್ಣದ ಗಂಟು ಒಂದು ಅಲ್ಲಾಡಿತು. ಕಣ್ಣು ಅಲ್ಲೇ ನೆಟ್ಟುಕೊಂಡು, ಝೂಮ್ ಇಲ್ಲದೆ ಕ್ಯಾಮೆರಾ ಎತ್ತಿ, ಕವಲನ್ನು ನಡುವಿಗೆ ತಂದು, ಆಮೇಲೆ ನಿಧಾನಕ್ಕೆ ಝೂಮ್ ಒತ್ತಿದೆ. ಹಕ್ಕಿ ತಾನಾಗಿಯೇ ಎದುರಿಗೆ ಬಂತು. ಬಂದಿದ್ದೇನೋ ಹೌದು, ಕುಣಿಯುತ್ತಿತ್ತು.

"ಕುಣೀತದೆ ಮಾರಾಯ!" ಅಂದೆ.

"ದೋಟಿ ಉದ್ದ ಆದಷ್ಟೂ ತುದಿ ಕುಣೀತದೆ. ಕೈಲಿ ಹಿಡ್ಕಂಡ್ರೆ ಆಗ್ತಿಲ್ಲೆ. ಮೈಗೆ ಒರಗಿಸ್ಕಳಿ."

ನಾನು ಪಕ್ಕದ ಅಡಿಕೆ ಮರಕ್ಕೆ ಒರಗಿದೆ. ಅದು ಅವನು ಹತ್ತಿದ್ದ ಮರವೇ. ಅವನು ಅಲ್ಲಿಂದ ಒಂದು ಕೊನೆ ಎಳೆದ, ಮರ ತೂಗಿತು, ಮಂಗಟ್ಟೆ ನನ್ನ ಚೌಕಟ್ಟಿನಿಂದ ಹಾರಿಯೇ ಹೋಯಿತು. ಹಕ್ಕಿ ಮಾತ್ರ ಅಲ್ಲೇ ಕೂತು ಹಣ್ಣು ತಿನ್ನುತ್ತಿತ್ತು.

ಅಗಳದ ದಂಡೆಯ ಹಲಸಿನ ಮರಕ್ಕೆ ಹೋಗಿ ಬೆನ್ನು ಕೊಟ್ಟೆ. ಹಿಂದಿನ ಪರದೆ ನೋಡುತ್ತಾ ಕೈ ಚಾಚಿ ಹಿಡಿಯುತ್ತಿದ್ದೆನಲ್ಲ, ಅದನ್ನು ಬಿಟ್ಟು ಮೇಲಿನ ಕಿಂಡಿಗೇ ಕಣ್ಣು ಒತ್ತಿದೆ. ಎರಡು ಮೊಣಕೈ ಪಕ್ಕೆಗೆ, ಕ್ಯಾಮೆರಾ ಹಣೆಗೆ. ಫೋಕಸ್ ಚೌಕವನ್ನು ತೀರಾ ಸಣ್ಣದು ಮಾಡಿ ನಡುವಿಗೆ ಇಟ್ಟೆ, ಇಲ್ಲದಿದ್ದರೆ ಅದು ಮತ್ತೆ ಮುಂದಿನ ಎಲೆಯನ್ನೇ ಪ್ರೀತಿಸುತ್ತದೆ. ಶಟರ್ 1/500 ಸೆಕೆಂಡ್. ಉಸಿರು ಅರ್ಧ ಬಿಟ್ಟು ನಿಲ್ಲಿಸಿದೆ. ಹಕ್ಕಿ ಪಕ್ಕದ ಗೆಲ್ಲಿಗೆ ಹಾರಿತು. ಥೂ!

ಆಗ ಎಡಗೈ ಹೆಬ್ಬೆರಳಿಗೆ ಲೆನ್ಸಿನ ಪಕ್ಕದ ಒಂದು ಗುಂಡಿ ಸಿಕ್ಕಿತು. ಮೊದಲ ದಿನದಿಂದಲೂ ಅದು ಅಲ್ಲೇ ಇತ್ತು, ಯಾವುದಕ್ಕೋ ಇರಬೇಕು ಅಂತ ಬಿಟ್ಟಿದ್ದೆ. ಒತ್ತಿದರೆ ಝೂಮ್ ಹಿಂದಕ್ಕೆ ಸರಿದು ಸುತ್ತಲಿನ ಮರವೆಲ್ಲ ಕಾಣುತ್ತದೆ. ಹಕ್ಕಿಯನ್ನು ನಡುವಿಗೆ ತಂದು ಬಿಟ್ಟರೆ ಮತ್ತೆ ಮೊದಲಿದ್ದಲ್ಲಿಗೇ ಹೋಗುತ್ತದೆ. ದೋಟಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಪುನಃ ಚಾಚಿದ ಹಾಗೆ. ಆರು ನೂರು ಫೋಟೋ ಹಾಳು ಮಾಡುವ ಮೊದಲು ಪುಸ್ತಕ ಓದಬಹುದಿತ್ತು. ಅದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಒತ್ತಿದೆ, ಬಿಟ್ಟೆ. ಮಂಗಟ್ಟೆ ಚೌಕಟ್ಟು ತುಂಬ ಕೂತಿತ್ತು. ಕೊಕ್ಕಿನ ತುದಿಯಲ್ಲಿ ಒಂದು ಬಸರಿ ಹಣ್ಣು. ತಲೆ ಹಿಂದಕ್ಕೆ ಚಿಮ್ಮಿಸಿ ಹಣ್ಣನ್ನು ಗಂಟಲಿಗೆ ಎಸೆದುಕೊಂಡಿತು. ಐದಾರು ಫೋಟೋ ಒಟ್ಟಿಗೆ ಹೊಡೆದೆ. ಗೌಡ ಮೇಲಿನಿಂದ, "ಸಿಕ್ತಾ?" ಅಂದ. ಅವನ ದನಿಗೆ ಹಕ್ಕಿ ಹಾರಿತು. ಸಿಕ್ಕಿತ್ತು.

ಹಕ್ಕಿ ಹೋದ ಮೇಲೆ ಕೈ ಸುಮ್ನೆ ಇರಲಿಲ್ಲ. ಕಲಿತದ್ದನ್ನು ದೋಟಿಯ ಮೇಲೇ ಪ್ರಯೋಗ ಮಾಡಿದೆ. ಕತ್ತಿ ಕೊನೆಯ ಬುಡಕ್ಕೆ ಕೂರುವ ಗಳಿಗೆಗೆ ಕಾದು ಹೊಡೆಯುವುದು. ಹಿಂದೆ ಬಿಳಿ ಆಕಾಶವಿದ್ದದ್ದರಿಂದ ಮೊದಲಿನವು ಬರೀ ಕಪ್ಪು. ಎಕ್ಸ್‌ಪೋಶರ್ ಒಂದು ಹಂತ ಏರಿಸಿದ ಮೇಲೆ ಕತ್ತಿಯ ಹೊಳಪು, ಅಡಿಕೆಯ ಹಳದಿ, ಗಳಕ್ಕೆ ಸುತ್ತಿದ ತಂತಿ ಎಲ್ಲ ಬಂತು.

ಮಧ್ಯಾಹ್ನ ಊಟಕ್ಕೆ ಮೊದಲು ಜಗಲಿಯಲ್ಲಿ ಎಲ್ಲರೂ ಪರದೆಗೆ ತಲೆ ಹಾಕಿದರು. ಆಯಿ ಕನ್ನಡಕ ಏರಿಸಿ ಮಂಗಟ್ಟೆಯ ಮುಖ ನೋಡಿದಳು. ಹಳದಿ ಕೊಕ್ಕು, ಕೆಳಕೊಕ್ಕಿನ ಬುಡದಲ್ಲಿ ಕಪ್ಪು. ಅಂದರೆ ಹೆಣ್ಣು. ಗಂಡಿನ ಕೊಕ್ಕು ಕಿತ್ತಳೆಗೆಂಪು. ಆಯಿ ನೋಡಿದ್ದು ಅದಲ್ಲ.

"ಅಯ್ಯ, ಇದಕ್ಕೆ ರೆಪ್ಪೆ ಕೂದ್ಲು ಇದ್ದಲೋ ತಮಾ!"

ಹೌದು. ಕಣ್ಣಿನ ಮೇಲೆ ಕಪ್ಪಗೆ, ಸಾಲಾಗಿ, ಬಾಗಿದ ರೆಪ್ಪೆ. ಅರವತ್ತೆಂಟು ವರ್ಷ ಈ ಹಕ್ಕಿಯ ನಗು ಕೇಳಿದ ಆಯಿ ಅದರ ಕಣ್ಣು ನೋಡಿದ್ದು ಅವತ್ತೇ. ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ ಅಂತ ನಾನು ಹಿಂದಿನ ವಾರ ಚಿಂತೆ ಮಾಡಿದಾಗ, ಹಪ್ಪಳದ ಡಬ್ಬಿ ಜೊತೆ ಒಲೆ ಮೇಲಿನ ಅಟ್ಟದಲ್ಲಿಡು ಅಂದಿದ್ದಳು. ಈಗ, "ಹೊಗೆ ತಾಗೂದು ಬ್ಯಾಡ, ನನ್ನ ಕಪಾಟಲ್ಲೇ ಇಡು" ಅಂದಳು. ಅಪ್ಪಯ್ಯ ಏನೂ ಹೇಳಲಿಲ್ಲ, ಆದರೆ ಫೋಟೋವನ್ನು ಎರಡನೇ ಸಲ ತೋರಿಸು ಅಂತ ಕೈಸನ್ನೆ ಮಾಡಿದರು.

ಗೌಡ ಮಂಗಟ್ಟೆಯನ್ನು ಅಷ್ಟೇನೂ ನೋಡಲಿಲ್ಲ. ಅವನು ದಿನಾ ಎದುರುಬದುರು ಕೂತು ನೋಡುವವನು. ಮುಂದಿನ ಫೋಟೋ ದೋಟಿಯದ್ದು. ಅಲ್ಲಿ ನಿಂತ.

"ಇದನ್ನ ಇನ್ನೂ ದೊಡ್ಡ ಮಾಡಕ್ಕಾಗ್ತದಾ?"

ಮಾಡಿದೆ. ಕತ್ತಿಯ ಬಾಯಿ ಪರದೆ ತುಂಬ ಬಂತು. ನಡುವಿಗಿಂತ ಸ್ವಲ್ಪ ಕೆಳಗೆ, ಅಕ್ಕಿ ಕಾಳಿನಷ್ಟು ಜಾಗ ಮುಕ್ಕಾಗಿತ್ತು. ಗೌಡ ಪರದೆಯ ಮೇಲೆ ಬೆರಳಿಟ್ಟು ಸವರಿದ, ಅಲ್ಲೇ ಮುಟ್ಟಿದರೆ ಗೊತ್ತಾಗುತ್ತದೆ ಅನ್ನುವ ಹಾಗೆ. ಆಮೇಲೆ ಎದ್ದು, ಅಂಗಳದ ಮೂಲೆಗೆ ಒರಗಿಸಿದ್ದ ದೋಟಿ ತಗೊಂಡು ಬಚ್ಚಲಿನ ಕಡೆ ಹೋದ. "ಊಟಕ್ಕೆ ಬಾರೋ" ಅಂತ ಆಯಿ ಕರೆದರೆ, "ಬಂದೆ ಅಮ್ಮಾ, ಐದು ನಿಮಿಷ" ಅಂದ. ಕಲ್ಲಿಗೆ ಕತ್ತಿ ಮಸೆಯುವ ಸದ್ದು ಕೇಳಿತು.