4, ಎಲ್, ಕೆ: ಗೋಜಲಿನೊಳಗೆ ಅಡಗಿದ ಕನ್ನಡ

ನಾನು ಸದಸ್ಯನಾಗಿರುವ ಸಂಘವೊಂದರಿಂದ ಕಳೆದ ತಿಂಗಳು ಬಂದ ಇಮೇಲ್‌ನ ವಿಷಯದ ಸಾಲಿನಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಸಮ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ, ಯುಟಿಎಫ್-8 ಎಂಬ ಹೆಸರು, ಅದರ ಬೆನ್ನಿಗೇ ರೋಮನ್ ಅಕ್ಷರಗಳೂ ಅಂಕಿಗಳೂ ಕಲಸಿಹೋದ ಉದ್ದನೆಯ ಸರ, ಅಷ್ಟೇ. ಪಕ್ಕದಲ್ಲಿ ಕುಳಿತಿದ್ದ ಮಗಳು ಅದನ್ನು ವೈರಸ್ ಎಂದಳು. ಆ ಸರ 4, ಎಲ್, ಕೆ ಎಂದು ಆರಂಭವಾಗಿದ್ದುದರಿಂದ, ಒಳಗಿರುವುದು ಕನ್ನಡವೆಂದು ಬಿಡಿಸಿ ನೋಡುವ ಮೊದಲೇ ನನಗೆ ಗೊತ್ತಾಗಿತ್ತು.

ಇದರಲ್ಲಿ ಮಾಯೆಯೇನೂ ಇಲ್ಲ. ಅಕ್ಷರಗಳನ್ನು ಕಂಪ್ಯೂಟರ್‌ಗಾಗಿ ಸಂಖ್ಯೆಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಸ್ವರಚಿಹ್ನೆಗೂ ಮೂರು ಬೈಟ್‌ಗಳು, ಅಂದರೆ 0 ಅಥವಾ 1 ಆಗಿರುವ ಎಂಟೆಂಟು ಬಿಟ್‌ಗಳ ಮೂರು ಗುಂಪುಗಳು ಬೇಕು. 'ಕ' ಎಂದರೆ 224, 178, 149. ಬೇಸ್64 ಎಂಬ ವಿಧಾನ ಈ ಮೂರು ಬೈಟ್‌ಗಳ 24 ಬಿಟ್‌ಗಳನ್ನು ಒಂದೇ ಸಾಲಿನಲ್ಲಿ ಹರವಿ, ಆರಾರು ಬಿಟ್‌ಗಳ ನಾಲ್ಕು ತುಂಡುಗಳಾಗಿ ಕತ್ತರಿಸುತ್ತದೆ. ಆಗ ದೊರೆಯುವ ಸಂಖ್ಯೆಗಳು 56, 11, 10, 21. ಆರು ಬಿಟ್‌ಗಳಲ್ಲಿ 63ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲವಾದ್ದರಿಂದ 64 ಚಿಹ್ನೆಗಳ ಒಂದು ಪಟ್ಟಿ ಸಾಕು: ಮೊದಲು 26 ದೊಡ್ಡಕ್ಷರ, ಬಳಿಕ 26 ಚಿಕ್ಕಕ್ಷರ, ಹತ್ತು ಅಂಕಿ, ಕೊನೆಗೆ ಕೂಡು ಚಿಹ್ನೆ ಮತ್ತು ಓರೆಗೆರೆ. ಸೊನ್ನೆಯಿಂದ ಎಣಿಸುತ್ತ ಪಟ್ಟಿಯನ್ನು ನೋಡಿ ಬರೆದರೆ 'ಕ' ಎಂಬುದು 4, ಎಲ್, ಕೆ, ವಿ ಆಗುತ್ತದೆ. ಕನ್ನಡದ ಮೊದಲ ಬೈಟ್ ಯಾವಾಗಲೂ 224, ಎರಡನೆಯದು 178 ಅಥವಾ 179. ಹಾಗಾಗಿ ನಮ್ಮ ಲಿಪಿಯ ಪ್ರತಿ ಘಟಕವೂ 4ಎಲ್‌ಕೆ ಅಥವಾ 4ಎಲ್‌ಓ ಎಂದೇ ತೊಡಗುತ್ತದೆ, ಕೊನೆಯ ಚಿಹ್ನೆಯೊಂದೇ ಬದಲಾಗುತ್ತದೆ. 4ಎಲ್‌ಓಎನ್ ಕಂಡಲ್ಲೆಲ್ಲ ಹಲಂತವಿದೆ ಎಂದು ತಿಳಿಯಬಹುದು. ಅಂದರೆ ಅಲ್ಲಿ ಬಹುಮಟ್ಟಿಗೆ ಒತ್ತಕ್ಷರವೊಂದು ಕುಳಿತಿದೆ. ನಡುವೆ ಒಂದು ಬೈಟ್‌ನ ಖಾಲಿ ಜಾಗ ಬಂದೊಡನೆ ಈ ಸಾಲು ಸರಿದು ಬೇರೆಯೇ ವಿನ್ಯಾಸ ತಾಳುತ್ತದೆ, ಮೂರನೆಯ ಖಾಲಿ ಜಾಗದ ನಂತರ ಮತ್ತೆ 4ಎಲ್‌ಕೆಗೆ ಮರಳುತ್ತದೆ. ಬೈಟ್‌ಗಳು ಮೂರರ ಲೆಕ್ಕಕ್ಕೆ ಕಡಿಮೆ ಬಿದ್ದಾಗ ಕೊನೆಗೆ ಹಚ್ಚುವ ಸಮ ಚಿಹ್ನೆ, ಬರಿಯ ಕನ್ನಡದ ಒಂಟಿ ಪದಕ್ಕೆ ಎಂದೂ ಬೇಕಾಗುವುದಿಲ್ಲ.

ಇಷ್ಟೆಲ್ಲ ಸುತ್ತುಬಳಸು ಏಕೆಂದರೆ, ಅಂಚೆಯ ಹಾದಿಯೇ ಕಿರಿದಾಗಿತ್ತು. ಇಮೇಲ್ ಸಾಗಿಸುವ 1982ರ ಎಸ್‌ಎಂಟಿಪಿ ನಿಯಮವು ಏಳು ಬಿಟ್‌ಗಳ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಪದ್ಧತಿ) ಅಕ್ಷರಗಳನ್ನು ಮಾತ್ರ ಸಾಗಿಸುವ ಭರವಸೆ ಕೊಟ್ಟಿತ್ತು, ಸಾಲೊಂದರ ಉದ್ದವನ್ನು 1000 ಅಕ್ಷರಗಳಿಗೆ ಮಿತಿಗೊಳಿಸಿತ್ತು. ಚಿತ್ರವನ್ನೋ ಧ್ವನಿಯನ್ನೋ ಹಾಗೆಯೇ ಕಳುಹಿಸಿದರೆ ನಡುವಿನ ಯಾವುದೋ ಯಂತ್ರ ಎಂಟನೆಯ ಬಿಟ್ ಅನ್ನು ಕಿತ್ತುಹಾಕಬಹುದಿತ್ತು, ಇನ್ನೊಂದು ಯಂತ್ರ ಸಾಲಿನ ಕೊನೆಯ ಬೈಟ್‌ಗಳನ್ನು ತನ್ನ ರೂಢಿಗೆ ತಕ್ಕಂತೆ ತಿದ್ದಬಹುದಿತ್ತು. ಇದಕ್ಕೂ ಮೊದಲೇ, 1980ರಲ್ಲಿ, ಬರ್ಕ್ಲಿಯಲ್ಲಿದ್ದ ಮೇರಿ ಆನ್ ಹಾರ್ಟನ್ ಯುಯುಎನ್‌ಕೋಡ್ ಎಂಬ ತಂತ್ರಾಂಶ ಬರೆದಿದ್ದರು. ಉಪಾಯ ಅದೇ ಮೂರಕ್ಕೆ ನಾಲ್ಕು. ಆದರೆ ಆ ಪಟ್ಟಿಯಲ್ಲಿ ಖಾಲಿ ಜಾಗವೂ ಒಂದು ಚಿಹ್ನೆಯಾಗಿತ್ತು, ಸಾಲಿನ ಕೊನೆಯ ಖಾಲಿ ಜಾಗವನ್ನು ಕಸವೆಂದು ಗುಡಿಸುವ ಅಂಚೆ ತಂತ್ರಾಂಶಗಳೂ ಇದ್ದವು. ಹಾಗಾಗಿ ಅದರ ಜಾಗಕ್ಕೆ ಎಡಕ್ಕೆ ವಾಲಿದ ಒಂದು ಉದ್ಧರಣ ಚಿಹ್ನೆಯನ್ನು ತರಬೇಕಾಯಿತು. 1992ರ ಜೂನ್‌ನಲ್ಲಿ ನೇಥೇನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಪ್ರಕಟಿಸಿದ ಮೈಮ್ ನಿಯಮಗಳು (ಚಿತ್ರ, ಧ್ವನಿ ಮುಂತಾದವನ್ನು ಇಮೇಲ್‌ನಲ್ಲಿ ಕಳುಹಿಸುವ ನಿಯಮಗಳು) ಬೇಸ್64 ಅನ್ನು ಸಾಮಾನ್ಯ ಇಮೇಲ್‌ಗೆ ತಂದಾಗ, ಆಸ್ಕಿಯಲ್ಲಷ್ಟೇ ಅಲ್ಲದೆ ಐಬಿಎಂ ಯಂತ್ರಗಳ ಎಬ್ಸಿಡಿಕ್ ಎಂಬ ಅಕ್ಷರ ಪದ್ಧತಿಯಲ್ಲಿಯೂ ಕೆಡದೆ ಉಳಿಯುವ ಚಿಹ್ನೆಗಳೇ ಪಟ್ಟಿಯಲ್ಲಿದ್ದವು.

ಇದರ ಬೆಲೆ ಮೂರನೇ ಒಂದು ಭಾಗದಷ್ಟು ಹೆಚ್ಚು ಗಾತ್ರ. 20 ಎಂಬಿ ಕಡತ ದಾರಿಯಲ್ಲಿ 27 ಎಂಬಿಯ ಆಸುಪಾಸು ತೂಗುತ್ತದೆ. ಆದರೂ ಕನ್ನಡದ ಮಟ್ಟಿಗೆ ನಾನು ಬೇಸ್64ರ ಪಕ್ಷವೇ. ಅದೇ ಮೈಮ್ ನಿಯಮಗಳಲ್ಲಿರುವ ಕೋಟೆಡ್-ಪ್ರಿಂಟೆಬಲ್ ಎಂಬ ಇನ್ನೊಂದು ವಿಧಾನ ಆಸ್ಕಿಯಲ್ಲಿಲ್ಲದ ಪ್ರತಿ ಬೈಟ್‌ಗೂ ಮೂರು ಚಿಹ್ನೆ ಬರೆಯುತ್ತದೆ. ಅಲ್ಲೊಂದು ಇಲ್ಲೊಂದು ವಿಶೇಷ ಅಕ್ಷರವಿರುವ ಫ್ರೆಂಚ್‌ಗೆ ಅದು ಸರಿ, ನಮಗಾದರೋ ಒಂದು 'ಕ'ಗೆ ಒಂಬತ್ತು ಚಿಹ್ನೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಪರ್ಸೆಂಟ್ ಚಿಹ್ನೆಗಳ ಮೆರವಣಿಗೆ ಹೊರಡುವುದೂ ಇದೇ ಲೆಕ್ಕದಿಂದ: 'ಕನ್ನಡ' ಎಂಬ ಪದ ಅಲ್ಲಿ 45 ಚಿಹ್ನೆ, ಬೇಸ್64ರಲ್ಲಿ 20. ಹಾಗೆಂದು ಬೇಸ್64 ಅನ್ನು ನೇರವಾಗಿ ಕೊಂಡಿಯೊಳಗೆ ಹಾಕುವಂತಿಲ್ಲ. ಪದದ ಆರಂಭದಿಂದ ಎಣಿಸಿದರೆ ದೀರ್ಘದ 'ಾ' ಕೂಡು ಚಿಹ್ನೆಯಲ್ಲಿಯೂ, ಗುಡಿಸಿನ 'ಿ' ಓರೆಗೆರೆಯಲ್ಲಿಯೂ ಮುಗಿಯುತ್ತವೆ. ಪಟ್ಟಿಯ 64 ಚಿಹ್ನೆಗಳ ಪೈಕಿ ಕೊಂಡಿಗಳಲ್ಲಿ ತಂಟೆ ತೆಗೆಯುವವು ಇವೆರಡೇ. ಅದಕ್ಕಾಗಿ ಇವುಗಳ ಬದಲು ಅಡ್ಡಗೆರೆ ಮತ್ತು ಅಡಿಗೆರೆ ಬಳಸುವ ಬೇರೆ ರೂಪವಿದೆ. ಅಂದಹಾಗೆ, ಗುಪ್ತಪದವನ್ನು ಬೇಸ್64ಕ್ಕೆ ತಿರುಗಿಸಿ ಭದ್ರವಾಯಿತೆಂದು ನಂಬಿದವರನ್ನು ಕೆಲಸದಲ್ಲಿ ಹಲವು ಬಾರಿ ಕಂಡಿದ್ದೇನೆ. ಪಟ್ಟಿ ಎಲ್ಲರ ಕೈಯಲ್ಲಿರುವಾಗ ಅದು ಬೀಗವಲ್ಲ, ಬರಿಯ ಪೊಟ್ಟಣ.

ಸಂಘದ ಇಮೇಲ್‌ಗೆ ಆಗಿದ್ದು ಇಷ್ಟು. ಕಳುಹಿಸಿದ ತಂತ್ರಾಂಶ ವಿಷಯವನ್ನು ಮೊದಲು ಬೇಸ್64ಕ್ಕೆ ತಿರುಗಿಸಿ, ಆಮೇಲೆ 50 ಚಿಹ್ನೆಗಳಿಗೆ ಕತ್ತರಿಸಿತ್ತು. ಕೊನೆಯಲ್ಲಿರಬೇಕಾದ ಪ್ರಶ್ನಾರ್ಥಕ ಮತ್ತು ಸಮ ಚಿಹ್ನೆಗಳ ಜೋಡಿ ಉದುರಿಹೋದದ್ದರಿಂದ, ಇದನ್ನು ಬಿಡಿಸಬೇಕೆಂಬ ಸುಳಿವೇ ನನ್ನ ಇಮೇಲ್ ಆ್ಯಪ್‌ಗೆ ಸಿಗಲಿಲ್ಲ. ಆರಂಭದ ಗುರುತಿನ (=?UTF-8?B?) ಹತ್ತು ಚಿಹ್ನೆಗಳನ್ನು ಕಳೆದರೆ ಉಳಿದದ್ದು 40, ಅಂದರೆ 30 ಬೈಟ್. ಮಗಳನ್ನು ಕೂರಿಸಿಕೊಂಡು ಕಾಗದದ ಮೇಲೆ ಬಿಡಿಸಿದೆ. 'ವಾರ್ಷಿಕ' ಎಂಬುದಕ್ಕೆ 21, ಖಾಲಿ ಜಾಗಕ್ಕೆ ಒಂದು, 'ಮ' ಮತ್ತು 'ಹ'ಗಳಿಗೆ ಆರು. ಕೊನೆಗೆ 224, 178 ಎಂಬ ಎರಡು ಬೈಟ್‌ಗಳು ಉಳಿದವು; ಅವನ್ನು 'ಾ' ಆಗಿಸಬೇಕಿದ್ದ 190 ಕತ್ತರಿಯ ಆಚೆಗೆ ಬಿದ್ದಿತ್ತು. 'ವಾರ್ಷಿಕ ಮಹ' ಎಂದು ಓದಿದ ಮಗಳು, ಸಭೆ ಯಾವತ್ತು ಎಂದು ಕೇಳಿದಳು. ಅದನ್ನು ತಿಳಿಯಲು ಇಮೇಲ್ ತೆರೆಯಲೇಬೇಕಾಯಿತು.