ಛತ್ರದ ಕೆಲಸ: ಗೋಡೆಗಿಂತ ಮೊದಲು ನೀರಿನ ದಾರಿ

ಈ ವಾರ ಛತ್ರದ ಹಿಂದಿನ ಗೋಡೆಗೆ ಕೈ ಹಾಕಿದೆವು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಈ ಕಟ್ಟಡದಲ್ಲಿ ಹಿಂದೆ ಘಟ್ಟ ಇಳಿಯುವ ಗಾಡಿಯವರು ರಾತ್ರಿ ತಂಗುತ್ತಿದ್ದರು. ಎತ್ತು ಕಟ್ಟುತ್ತಿದ್ದ ಕಲ್ಲು ಇನ್ನೂ ಅಂಗಳದಲ್ಲಿದೆ.

ಜಂಬಿಟ್ಟಿಗೆ ಗೋಡೆ, ಮೇಲೆ ನಮ್ಮ ಮನೆಯವರೇ ಹೊಡೆಸಿದ ಸಿಮೆಂಟ್. ಉಳಿಯಿಂದ ಒಂದು ಚಕ್ಕೆ ಎಬ್ಬಿಸಿದೆ. ಒಳಗಿನ ಕಲ್ಲು ತಣ್ಣಗೆ ಒದ್ದೆ, ಬೆರಳಲ್ಲಿ ಒತ್ತಿದರೆ ಕೆಂಪು ಪುಡಿ ಉದುರುತ್ತದೆ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು, ಕುಡಿದದ್ದು ಆರಿಹೋಗಬೇಕು, ಸಿಮೆಂಟ್ ಅದಕ್ಕೆ ಬಿಡುವುದಿಲ್ಲ. ನೋಡಿ ಹೊಟ್ಟೆ ಉರಿಯಿತು. ಪೂರ್ತಿ ಕಿತ್ತು ಸುಣ್ಣದ ಗಾರೆ ಮಾಡಿಸೋಣ ಅಂತ ಹೊರಟೆ.

"ಗೋಡೆ ಆಮೇಲೆ ನೋಡನ ಮಾರಾಯ್ರೆ, ಮೊದ್ಲು ನೀರಿಗೆ ದಾರಿ ಕೊಡನ" ಅಂದರು ಮೇಸ್ತ್ರಿ. ಅವರು ಹೇಳಿದ್ದೇ ಸರಿ. ಹಿಂದಿನ ಧರೆಯಿಂದ, ಅಂದರೆ ಕಡಿದಾದ ಮಣ್ಣಿನ ದಿಬ್ಬದಿಂದ, ವರ್ಷ ವರ್ಷ ಮಣ್ಣು ಜರಿದು ಗೋಡೆಗೆ ಒರಗಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅಷ್ಟು ನೀರು ಧರೆಯಿಂದ ಇಳಿದು ಹೋಗುವುದೆಲ್ಲಿಗೆ? ಮೂರು ದಿನ ಮಣ್ಣು ತೆಗೆದೆವು. ಒಂದೂವರೆ ಅಡಿ ಆಳದಲ್ಲಿ ಹಾರೆ ಠಣ್ ಅಂತು. ಹಳೇ ಕಲ್ಲಿನ ಚರಂಡಿ! ತೋಟದ ಕಡೆಗೆ ಇಳಿಜಾರು ಸರಿಯಾಗಿಯೇ ಇದೆ. ಎರಡು ಕೊಡ ನೀರು ಸುರಿದೆವು, ಎಲ್ಲೂ ನಿಲ್ಲದೆ ಹರಿದು ಹೋಯಿತು. ಕಟ್ಟಿದವರ ಮೇಲೆ ನನಗೆ ಬಂದ ಗೌರವ ಹೇಳಲಾರೆ.

ಮಾಡಿನ ಸುದ್ದಿ ಇಷ್ಟೆ: ಹೆಂಚು ಹೊರುವ ಮರದ ಪಕಾಸುಗಳಲ್ಲಿ ನಾಲ್ಕಕ್ಕೆ ವರಲೆ (ಗೆದ್ದಲು) ಹಿಡಿದಿದೆ, ಬದಲಾಯಿಸಲೇಬೇಕು. ಹೆಂಚು ಬಹುಪಾಲು ಗಟ್ಟಿ. ಕೆಲವುದರ ಮೇಲೆ ಬಾಸೆಲ್ ಮಿಶನ್ ಮುದ್ರೆ, 1865 ಅಂತ ಇಸವಿ. ಅದು ಮಂಗಳೂರಿನಲ್ಲಿ ಆ ಮಿಶನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ, ಹಾಗಾಗಿ ಅದನ್ನು ನೋಡಿ ಕಟ್ಟಡದ ವಯಸ್ಸು ಹೇಳಬೇಡಿ.

ಗಾರೆಗೆ ಅವಸರ ಆಗುವುದಿಲ್ಲ. ಸುಣ್ಣ ಗಟ್ಟಿಯಾಗುವುದು ಗಾಳಿ ತಾಗಿ, ನಿಧಾನಕ್ಕೆ. ಮುಂಗಾರು ಹಿಡಿಯುವ ಹೊತ್ತಿಗೆ ಹಸಿ ಗಾರೆ ಇದ್ದರೆ ತೊಳೆದುಹೋಗುತ್ತದೆ. ಅದಕ್ಕೇ ಈ ಸಲ ಸಿಮೆಂಟ್ ಕಿತ್ತು ಗೋಡೆಯನ್ನು ಹಾಗೇ ಬಿಡುತ್ತೇವೆ, ಎರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಗಾರೆ ದೀಪಾವಳಿ ಕಳೆದ ಮೇಲೆ. ಸುಣ್ಣ ನೆನೆಹಾಕುವ ಗುಂಡಿಗೆ ಜಾಗ ಮಾತ್ರ ಇವತ್ತೇ ಗುರುತು ಮಾಡಿಟ್ಟೆವು, ಎತ್ತು ಕಟ್ಟುವ ಕಲ್ಲಿನ ಪಕ್ಕ.