ಅಪ್ಪ ರಜೆಯಲ್ಲಿದ್ದಾರೆ

ಎರಡೂವರೆ ತಿಂಗಳ ಹಿಂದಿನ ಮಾತು. ಮಂಗಳವಾರ ಸಂಜೆ ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಮನೆಯ ಅಜ್ಜಿ ಟಪಾಲು ಡಬ್ಬಿಯ ಹತ್ತಿರ ನಿಂತಿದ್ದರು. ಅವರನ್ನು ಕಂಡಿದ್ದೇ ತಡ ಮಗಳು, "ನಮ್ಮಪ್ಪ ಈಗ ಅರ್ಬೈಟ್ಸ್‌ಲೋಸ್" ಅಂದುಬಿಟ್ಟಳು. ಕೆಲಸ ಇಲ್ಲದವನು ಅಂತ. ತನ್ನ ಹಲ್ಲು ಬಿದ್ದ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದಳು. ರಾತ್ರಿ ನಾವು ಗಂಡ ಹೆಂಡತಿ ಮಾತಾಡಿಕೊಂಡಿದ್ದು ಅವಳ ಕಿವಿಗೆ ಬಿದ್ದಿತ್ತು ಅಂತ ಆಗಲೇ ನನಗೆ ಗೊತ್ತಾಗಿದ್ದು.

ನನಗೆ ಮುಖ ಬಿಸಿಯಾಯ್ತು. ಪತ್ರ ಕೈಗೆ ಬಂದಿದ್ದು ಹಿಂದಿನ ದಿನ. ಜರ್ಮನಿಯಲ್ಲಿ ಕೆಲಸದಿಂದ ತೆಗೆಯುವ ನೋಟಿಸು ಕಾಗದದ ಮೇಲೇ ಇರಬೇಕು, ಶಾಯಿಯಲ್ಲಿ ಸಹಿ ಇರಬೇಕು, ಇಮೇಲ್ ಕಳಿಸಿದರೆ ಕಾನೂನಿನಲ್ಲಿ ನಡೆಯಲ್ಲ. ಐದೂವರೆ ವರ್ಷ ದುಡಿದ ಜಾಗದಿಂದ ಒಂದು ಹಾಳೆ, ಎರಡು ತಿಂಗಳ ಗಡುವು. ಅದನ್ನು ನಾನು ಮನೆಯ ಹೊರಗೆ ಯಾರಿಗೂ ತೋರಿಸಿರಲಿಲ್ಲ. ಮೊದಲು ಸದ್ದಿಲ್ಲದೆ ನಾಲ್ಕು ಕಡೆ ಅರ್ಜಿ ಹಾಕೋಣ, ಬೇರೆ ಕೆಲಸ ಸಿಕ್ಕ ಮೇಲೆ ಹೇಳೋಣ ಅಂತ ಇತ್ತು ಮನಸ್ಸಿನಲ್ಲಿ.

ಅಜ್ಜಿ "ಅಯ್ಯೋ ಪಾಪ" ಅನ್ನಲಿಲ್ಲ. "ಪತ್ರ ಯಾವತ್ತು ಬಂತು?" ಅಂತ ಕೇಳಿದರು. ನಿನ್ನೆ ಅಂದೆ. "ಹಾಗಾದ್ರೆ ಗುರುವಾರದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ಮೂರು ದಿನ ಅಷ್ಟೇ." ಆಮೇಲೆ ಇನ್ನೂ ಒಂದು ಕೇಳಿದರು: "ನೀವಾಗೇ ಯಾವುದಕ್ಕೂ ಸಹಿ ಹಾಕಿಲ್ಲ ತಾನೇ?"

ಅವರಿಗೆ ಇದೆಲ್ಲ ಬಾಯಿಪಾಠ. ನಾವಿರೋದು ಲೈಪ್‌ಜಿಗ್‌ನಲ್ಲಿ, ಹಳೇ ಪೂರ್ವ ಜರ್ಮನಿ. 1990ರಲ್ಲಿ ಎರಡು ಜರ್ಮನಿ ಒಂದಾದ ಮೇಲೆ ಇಲ್ಲಿನ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದವು. ಅಜ್ಜಿ ಕೆಲಸ ಕಳಕೊಂಡಿದ್ದು 1991ರಲ್ಲಿ. ಬೀದಿಗೆ ಬೀದಿಯೇ ಕಳಕೊಂಡಿತ್ತು, ಯಾರು ಯಾರಿಂದ ಮುಚ್ಚಿಡಬೇಕಿತ್ತು ಅಂದರು.

ಆ ರಾತ್ರಿಯೇ ಆನ್‌ಲೈನಲ್ಲಿ ಹೆಸರು ಬರೆಸಿದೆ. ಊರಿನಲ್ಲಿರುವ ಗೆಳೆಯರಿಗೆ ಇದು ಹೊಸದು ಅನ್ನಿಸಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಕೆಲಸ ಹೋದವರಿಗೆ ಇಲ್ಲಿ ಸಿಗುವ ದುಡ್ಡು ಬಡವರಿಗೆ ಸರ್ಕಾರ ಕೊಡುವ ಸಹಾಯಧನ ಅಲ್ಲ, ವಿಮೆ. ಸಂಬಳದಲ್ಲಿ ಪ್ರತಿ ತಿಂಗಳು ಶೇಕಡಾ 2.6 ಇದಕ್ಕೆ ಹೋಗುತ್ತದೆ, ಅರ್ಧ ನಮ್ಮದು, ಅರ್ಧ ಕಂಪನಿಯದು. 1927ರಿಂದ ಇರುವ ವ್ಯವಸ್ಥೆ. ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ಕಟ್ಟಿರಬೇಕು. ಕಟ್ಟಿದ್ದರೆ, ಕೈಗೆ ಬರುತ್ತಿದ್ದ ಸಂಬಳದ ಸುಮಾರು ಶೇಕಡಾ 60 ಕೊಡುತ್ತಾರೆ, ಮಕ್ಕಳಿದ್ದರೆ 67. ಎರಡು ವರ್ಷವಾದರೂ ಕಟ್ಟಿದ ನನ್ನಂಥ, ಇನ್ನೂ ಐವತ್ತಾಗದವರಿಗೆ ಒಂದು ವರ್ಷದವರೆಗೆ. ಆರೋಗ್ಯ ವಿಮೆಯ ಕಂತನ್ನೂ ಅವರೇ ಕಟ್ಟುತ್ತಾರೆ. ತಡವಾಗಿ ಹೆಸರು ಬರೆಸಿದರೆ ಒಂದು ವಾರದ ದುಡ್ಡು ಹೋಗುತ್ತದೆ. ಸರಿಯಾದ ಕಾರಣ ಇಲ್ಲದೆ ನಾವಾಗೇ ಕೆಲಸ ಬಿಟ್ಟರೆ 12 ವಾರದ್ದು. ಅಜ್ಜಿ ಸಹಿಯ ವಿಚಾರ ಕೇಳಿದ್ದು ಅದಕ್ಕೇ.

ಈ ಕೊನೆಯ ನಿಯಮ ನನ್ನನ್ನು ತುಂಬಾ ಕಾಡಿತು. ನಮ್ಮಲ್ಲಿ ಐಟಿ ಕಂಪನಿಗಳಲ್ಲಿ ಏನು ಮಾಡ್ತಾರೆ? ಒಂದು ರೂಮಿಗೆ ಕರೆದು, "ನೀವೇ ರಾಜೀನಾಮೆ ಕೊಟ್ಟುಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ" ಅಂತಾರೆ. ನಾವೂ ಕೊಟ್ಟುಬಿಡ್ತೀವಿ. ತೆಗೆದರು ಅನ್ನಿಸಿಕೊಳ್ಳುವುದಕ್ಕಿಂತ ಬಿಟ್ಟೆ ಅನ್ನೋದು ಮರ್ಯಾದೆ ಅಂತ. ಆ ಮರ್ಯಾದೆಯಿಂದ ಉಳಿತಾಯ ಆಗೋದು ಕಂಪನಿಗೆ, ನಮಗಲ್ಲ. ಬೆಂಗಳೂರಿನಲ್ಲಿದ್ದಾಗ ನನ್ನ ಹಳೇ ಸಹೋದ್ಯೋಗಿಗಳು ಹೀಗೆ ಸಹಿ ಹಾಕಿ ಎದ್ದು ಬಂದಿದ್ದನ್ನು ನೋಡಿದ್ದೀನಿ, ಆವತ್ತು ನಾನೂ ಅದೇ ಸರಿ ಅಂದುಕೊಂಡಿದ್ದೆ.

ನಮ್ಮಲ್ಲಿ ಏನೂ ಇಲ್ಲ ಅಂತಲೂ ಅಲ್ಲ. ಇಎಸ್ಐ ಇರುವ ಕಾರ್ಮಿಕರಿಗೆ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಒಂದು ಶುರು ಮಾಡಿದರು. ಕೆಲಸ ಹೋದರೆ 90 ದಿನದವರೆಗೆ ಸಹಾಯ. ಮೊದಲು ದಿನಗೂಲಿಯ ಶೇಕಡಾ 25 ಇತ್ತು, ಕೋವಿಡ್ ವರ್ಷದಲ್ಲಿ 50 ಮಾಡಿದರು. ಇಷ್ಟು ವರ್ಷ ಇದ್ದರೂ ನನಗೆ ಗೊತ್ತಾಗಿದ್ದು ಇಲ್ಲಿ ಕೂತು ಹುಡುಕಿದಾಗ. ಕೇಳುವುದಕ್ಕೇ ನಾಚಿಕೆ ಅಂದಮೇಲೆ, ಏನಿದೆ ಅಂತ ಗೊತ್ತಾಗೋದು ಹೇಗೆ?

ಭಾಷೆಯಲ್ಲೇ ಇದೆ ನೋಡಿ ಆ ನಾಚಿಕೆ. ಕೆಲಸ ಹೋದವನನ್ನು ನಾವು "ಮನೇಲಿ ಕೂತಿದಾನೆ" ಅಂತೀವಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನೋ ಗಾದೆಯನ್ನು ಕೇಳಿಕೊಂಡೇ ಬೆಳೆದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕಾರ್ಖಾನೆ ಮುಚ್ಚಿತು. ಯಾರಾದರೂ ಕೇಳಿದರೆ "ಅಪ್ಪ ರಜೆಯಲ್ಲಿದ್ದಾರೆ" ಅಂತ ಹೇಳು ಅಂತ ಅಮ್ಮ ಹೇಳಿಕೊಟ್ಟಿದ್ದಳು. ಹೇಳಿದೆ. ಅಂಗಡಿಯವರಿಗೆ ಹೇಳಿದೆ, ಮೇಷ್ಟ್ರಿಗೆ ಹೇಳಿದೆ, ಚಿಕ್ಕಪ್ಪನಿಗೂ ಹೇಳಿದೆ. ಆ ರಜೆ ಏಳು ತಿಂಗಳು ನಡೆಯಿತು. ಅಪ್ಪ ಹಗಲು ಹೊತ್ತು ಮುಂಬಾಗಿಲಿಗೆ ಬರುತ್ತಿರಲಿಲ್ಲ, ಹಿಂದಿನ ಕೋಣೆಯಲ್ಲಿ ಪಿಎಫ್ ಕಾಗದಗಳನ್ನು ಹರಡಿಕೊಂಡು ಕೂತಿರುತ್ತಿದ್ದರು.

ಮೆಟ್ಟಿಲ ಮೇಲೆ ಆ ಸಂಜೆ ಮಗಳ ಕೈಯನ್ನು ಸ್ವಲ್ಪ ಜೋರಾಗಿ ಎಳೆದಿದ್ದೆ. ಮನೆಯೊಳಗೆ ಬಂದ ಮೇಲೆ ಅವಳು ಕೇಳಿದಳು, "ಅಪ್ಪ, ಅದು ಕೆಟ್ಟ ಮಾತಾ?" "ಎಲ್ಲರ ಹತ್ತಿರ ಹೇಳಬೇಡ" ಅನ್ನೋದು ನನ್ನ ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಲ್ಲ ಪುಟ್ಟಿ, ನಿಜಾನೇ ಅದು ಅಂದೆ. ಸರಿ ಅಂತ ಆಡೋಕೆ ಹೋದಳು.

ಹೋದ ವಾರ ಮಂಜೂರಾತಿ ಪತ್ರ ಬಂತು. ಊರಿಗೆ ಫೋನ್ ಮಾಡಿ ಮೊದಲ ಸಲ ಎಲ್ಲ ಹೇಳಿದೆ. ಅಮ್ಮ ಅತ್ತಳು, ಆಮೇಲೆ "ಹೆಂಗೂ ಬಿಡುವಿದೆಯಲ್ಲ, ಎರಡು ತಿಂಗಳು ಬಂದು ಇದ್ದು ಹೋಗು" ಅಂದಳು. ಹಾಗೆ ಬರೋಕಾಗಲ್ಲ. ದುಡ್ಡು ತಗೊಳ್ಳುವಾಗ ಕೆಲಸ ಹುಡುಕುತ್ತಲೇ ಇರಬೇಕು, ಕರೆದಾಗ ಸಿಗಬೇಕು. ಊರು ಬಿಟ್ಟು ಹೋಗೋಕೆ ಮೊದಲೇ ಒಪ್ಪಿಗೆ ಬೇಕು, ಅದೂ ವರ್ಷಕ್ಕೆ ಮೂರು ವಾರ. ಇಷ್ಟು ವರ್ಷದಲ್ಲಿ ಮೊದಲ ಸಲ ಕೈ ಖಾಲಿ ಇದೆ, ಅಮ್ಮನ ಹತ್ತಿರ ಹೋಗಿ ಇರೋಕಾಗ್ತಿಲ್ಲ ಅನ್ನೋದು ಹೊಟ್ಟೆಯಲ್ಲಿ ಸಂಕಟ.

ಅಪ್ಪ ಫೋನ್ ತಗೊಂಡರು. ಸಮಾಧಾನದ ಮಾತು ಏನೂ ಆಡಲಿಲ್ಲ. ಪತ್ರ ಓದು ಅಂದರು. ಜರ್ಮನ್‌ನಲ್ಲಿದೆ ಅಪ್ಪ ಅಂದೆ. ಕನ್ನಡದಲ್ಲಿ ಹೇಳು ಅಂದರು. ಸಾಲು ಸಾಲಾಗಿ ಹೇಳುತ್ತಾ ಹೋದೆ: ಹೆಸರು, ಯಾವತ್ತಿನಿಂದ ಯಾವತ್ತಿನವರೆಗೆ, ದಿನಕ್ಕೆ ಇಷ್ಟು ಯೂರೋ, ತಿಂಗಳಿಗೆ 30 ದಿನ ಅಂತ ಲೆಕ್ಕ. ಮುಗಿದ ಮೇಲೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ, ಲೈನ್ ಕಟ್ ಆಯ್ತೇನೋ ಅಂದುಕೊಂಡೆ.

"ದಿನಕ್ಕೆ ಎಷ್ಟು ಅಂದೆ? ಇನ್ನೊಂದ್ಸಲ ಹೇಳು" ಅಂದರು.